ಅಜ್ಜನಿಗೆ ಒಂದು, ಜಲಜಕ್ಕನಿಗೆ ಎರಡು

ಬೆಳ್ಳೂರು
3-4-1954

ಅಣ್ಣನಿಗೆ ಜಲಜಾಕ್ಷಿಯ ನಮಸ್ಕಾರ.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ಬರೆಯದೆ ಇದ್ದದ್ದು ಸೋಮಾರಿತನದಿಂದ ಅಲ್ಲ. ಇಲ್ಲಿ ತಲೆಗೆ ಒಂದು ಹುಳ ಹೊಕ್ಕಿದೆ. ಅದನ್ನು ಹೊರಗೆ ಹಾಕಲು ನಿನ್ನ ಸಹಾಯ ಬೇಕು.

ನಿನ್ನ ಭಾವ ತೀರಿಹೋದ ಮೇಲೆ ಶಾಲೆಯ ಸಂಘಕ್ಕೆ ಅಧ್ಯಕ್ಷರೇ ಇಲ್ಲ. ಒಂದು ವರ್ಷ ಹೇಗೋ ನಡೆಯಿತು. ಈಗ ಇನ್‌ಸ್ಪೆಕ್ಟರರು ಬಂದು, ಮೇ ಹದಿನಾರರ ಒಳಗೆ ಅಧ್ಯಕ್ಷರನ್ನು ಆರಿಸದಿದ್ದರೆ ಸರ್ಕಾರದ ಸಹಾಯಧನ ನಿಲ್ಲುತ್ತದೆ ಎಂದು ಹೇಳಿ ಹೋಗಿದ್ದಾರೆ. ಮರದ ಕಂತ್ರಾಟಿನ ಹೊನ್ನಯ್ಯ ನಿಂತಿದ್ದಾನೆ. ಶಾಲೆಯನ್ನು ತೋಡಿನ ಆಚೆಗೆ, ಮಾರ್ಗದ ಬದಿಗೆ, ತನ್ನ ಮರದ ಡಿಪೋದ ಹತ್ತಿರಕ್ಕೆ ಒಯ್ಯುತ್ತೇನೆ ಎನ್ನುತ್ತಾನೆ. ಬಸ್ಸು ಬರುವ ಜಾಗ, ಓಡಿನ ಕಟ್ಟಡ, ಕೇಳಲು ಚೆಂದ. ಆದರೆ ನಮ್ಮ ಗುಡ್ಡದ ಮಕ್ಕಳಿಗೆ ತೋಡು ದಾಟಲು ಇರುವುದು ಎರಡು ಅಡಿಕೆ ಮರ ಹಾಕಿದ ಒಂದು ಸಂಕ. ಮಳೆಗಾಲದಲ್ಲಿ ಅದರ ಮೇಲೆ ನೀರು ಹೋಗುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಮಕ್ಕಳು ಮನೆಯಲ್ಲಿ ಕೂತರೆ ಮತ್ತೆ ಅಕ್ಷರದ ಕಡೆಗೆ ಬರುವವರಲ್ಲ. ನಿನ್ನ ಭಾವ ಶಾಲೆಯನ್ನು ಈಚೆ ಬದಿಗೆ ಕಟ್ಟಿದ್ದೇ ಅದಕ್ಕಾಗಿ. ಹಾಗಾಗಿ ನಾನೂ ನಿಂತಿದ್ದೇನೆ. ಬೈಯಬೇಡ.

ಮೂರನೆಯವರು ಗುತ್ತಿನ ದೊಡ್ಡಮನೆಯ ಸುಬ್ಬರಾಯ ಅಜ್ಜ. ಶಾಲೆಯ ನೆಲ ಅವರದ್ದು, ನಾನಿರುವ ಮನೆಯ ನೆಲವೂ ಅವರದ್ದು. ಒಳ್ಳೆಯ ಮನುಷ್ಯ. ಆದರೆ ಕಣ್ಣಿಗೆ ಪೊರೆ ಬಂದಿದೆ, ಹೊನ್ನಯ್ಯ ಹಿಡಿದು ತಂದ ಕಾಗದಕ್ಕೆಲ್ಲ ಸಹಿ ಹಾಕುತ್ತಾರೆ. ಅವರು ಅಧ್ಯಕ್ಷರಾದರೂ ಶಾಲೆ ತೋಡು ದಾಟಿತೆಂದೇ ಲೆಕ್ಕ.

ಸಂಘದಲ್ಲಿ ಒಟ್ಟು ಇಪ್ಪತ್ತೊಂಬತ್ತು ಜನ. ಹೊನ್ನಯ್ಯನ ಕಡೆ ಹದಿಮೂರು, ಅವರ ಹೆಸರನ್ನು ನಾನು ಬಾಯಿಪಾಠ ಹೇಳಬಲ್ಲೆ. ಅಜ್ಜನನ್ನು ಬಿಟ್ಟರೆ ನನ್ನ ಕಡೆಗೆ, ನನ್ನನ್ನೂ ಸೇರಿಸಿ, ಹದಿನೈದು. ಆದರೆ ಈ ಹದಿನೈದರಲ್ಲಿ ನಾಲ್ಕೈದು ಜನ ಮರ್ಯಾದೆಗೆಂದು ಅಜ್ಜನಿಗೆ ಮತ ಹಾಕುತ್ತಾರೆ. ನಾವು ಒಡೆದುಹೋದರೆ ಹೊನ್ನಯ್ಯ ಹದಿಮೂರರಲ್ಲೇ ಗೆದ್ದ. ಮದ್ರಾಸಿನಲ್ಲಿ ಮೇಲ್ಮನೆಯ ಚುನಾವಣೆಗೆ ಹೊಸ ರೀತಿಯಲ್ಲಿ ಮತ ಎಣಿಸುತ್ತಾರೆ, ನೀನು ಆ ಕೆಲಸಕ್ಕೆ ಹೋಗಿದ್ದೆ ಎಂದು ಹಿಂದೆ ಬರೆದಿದ್ದೆಯಲ್ಲ. ಅದು ಎಂತದ್ದು, ನಮಗೆ ಅದರಿಂದ ಉಪಕಾರ ಉಂಟಾ, ಬಿಡಿಸಿ ಬರೆ.

ನಿನ್ನ
ಜಲಜಾ

*

ತಿರುವಲ್ಲಿಕ್ಕೇಣಿ, ಮದ್ರಾಸು
9-4-1954

ತಂಗಿ ಜಲಜಾಕ್ಷಿಗೆ ಅಣ್ಣ ಪುರಂದರನ ಆಶೀರ್ವಾದ.

ನೀನು ನಿಂತದ್ದಕ್ಕೆ ಬೈಯುವುದಿಲ್ಲ. ಬೈದರೆ ಕೇಳುವವಳೂ ಅಲ್ಲ. ಅಮ್ಮನಿಗೆ ಮಾತ್ರ ಈಗಲೇ ಬರೆಯಬೇಡ.

ನೀನು ಕೇಳಿದ ಕ್ರಮ ಬಹಳ ಸುಲಭ. ಎರಡು ವರ್ಷದ ಹಿಂದೆ ಊರಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪೆಟ್ಟಿಗೆ ಇಟ್ಟು ಮತ ಹಾಕಿಸಿದರಲ್ಲ, ಇದು ಹಾಗಲ್ಲ. ಒಂದೇ ಕಾಗದದಲ್ಲಿ ಮೂವರ ಹೆಸರೂ ಇರುತ್ತದೆ. ಮತದಾರ ತನಗೆ ಎಲ್ಲರಿಗಿಂತ ಬೇಕಾದವರ ಎದುರು ಒಂದು, ಅವರಿಲ್ಲದಿದ್ದರೆ ಇವರಾಗಲಿ ಎನ್ನುವವರ ಎದುರು ಎರಡು, ಉಳಿದವರ ಎದುರು ಮೂರು ಎಂದು ಬರೆಯಬೇಕು. ಮೊದಲು ಎಲ್ಲರ ಒಂದನೆಯದನ್ನು ಎಣಿಸುತ್ತಾರೆ. ಎಲ್ಲರಿಗಿಂತ ಕಡಿಮೆ ಬಂದವರನ್ನು ತೆಗೆದುಬಿಡುತ್ತಾರೆ. ತೆಗೆದವರ ಕಾಗದಗಳನ್ನು ಬಿಸಾಡುವುದಿಲ್ಲ, ಆ ಕಾಗದಗಳಲ್ಲಿ ಎರಡು ಎಂದು ಯಾರ ಎದುರು ಬರೆದಿದೆಯೋ ಅವರಿಗೆ ಕೊಡುತ್ತಾರೆ. ಊಟಕ್ಕೆ ಕೂತವನು ಹೋಳಿಗೆ ಕೇಳಿದ, ಹೋಳಿಗೆ ಮುಗಿದಿತ್ತು, ಹಾಗಾದರೆ ಪಾಯಸ ಬಡಿಸು ಎಂದ. ಅಷ್ಟೇ.

ಆದ್ದರಿಂದ ನಿಮ್ಮವರಲ್ಲಿ ಕೆಲವರು ಅಜ್ಜನಿಗೆ ಒಂದು ಬರೆದರೂ ಹೆದರಬೇಡ. ಅಜ್ಜನಿಗೆ ನಾಲ್ಕೋ ಐದೋ ಬರುತ್ತದೆ, ಅವರು ಮೊದಲು ಹೊರಗೆ ಹೋಗುತ್ತಾರೆ, ಆ ಕಾಗದಗಳೆಲ್ಲ ತಿರುಗಿ ನಿನ್ನ ಹತ್ತಿರ ಬರುತ್ತವೆ. ಯಾರ ಮತವೂ ಹಾಳಾಗುವುದಿಲ್ಲ. ಮೊದಲ ಎಣಿಕೆಯಲ್ಲೇ ಯಾರಿಗಾದರೂ ಅರ್ಧಕ್ಕಿಂತ ಹೆಚ್ಚು ಬಂದರೆ ಅಲ್ಲಿಗೇ ಮುಗಿಯಿತು, ಎರಡನೆಯದನ್ನು ನೋಡುವುದೇ ಇಲ್ಲ. ಅದು ನಿಮ್ಮಲ್ಲಿ ಆಗಲಿಕ್ಕಿಲ್ಲ.

ಇನ್‌ಸ್ಪೆಕ್ಟರರು ಒಪ್ಪಿದರೆ ಸಂಘದಲ್ಲಿ ಈ ಕ್ರಮವನ್ನೇ ಮಾಡಿಸು. ನಾನು ಹಳೆಯ ಕೋಣೆ ಬಿಟ್ಟೆ. ಈಗ ಎರಡು ಕೋಣೆ, ಒಂದು ಅಡುಗೆಮನೆ ಇರುವ ಸಣ್ಣ ಮನೆ ಹಿಡಿದಿದ್ದೇನೆ. ಸಮುದ್ರದ ಗಾಳಿ ಬರುತ್ತದೆ.

ಪುರಂದರ

*

ಬೆಳ್ಳೂರು
18-4-1954

ಅಣ್ಣನಿಗೆ ನಮಸ್ಕಾರ.

ನಿನ್ನ ಕಾಗದ ಓದಿ ತಿಂಗಳಿನ ಮೇಲೆ ಮೊದಲ ಬಾರಿ ಹೊಟ್ಟೆ ತುಂಬ ಉಂಡೆ. ಸಂಘದಲ್ಲಿ ಹೇಳಿದೆ, ಎಲ್ಲರೂ ಒಪ್ಪಿದರು. ಹೊನ್ನಯ್ಯ ಸ್ವಲ್ಪ ಹೊತ್ತು ಮೀಸೆ ಎಳೆದುಕೊಂಡು ಕೂತಿದ್ದ, ಆಮೇಲೆ ಅವನೂ ಆಗಲಿ ಎಂದ. ಮತ ಎಣಿಸಲು ಚೆನ್ನಯ್ಯ ಮಾಸ್ಟರು. ಅವರು ಸಂಘದ ಸದಸ್ಯರಲ್ಲ, ಯಾರ ಕಡೆಯೂ ಅಲ್ಲ. ಇನ್‌ಸ್ಪೆಕ್ಟರರು ಬಂದು ನೋಡಿಕೊಳ್ಳುತ್ತಾರೆ.

ಈಗ ನಾನು ಮನೆ ಮನೆಗೆ ಹೋಗಿ ಪಾಠ ಮಾಡುತ್ತಿದ್ದೇನೆ. ನೆಲದ ಮೇಲೆ ಮೂರು ಗೆರಸೆ ಇಟ್ಟು ಹುಣಸೆ ಬೀಜ ಹಾಕಿಸುವುದು, ಕಡಿಮೆ ಬಂದ ಗೆರಸೆಯನ್ನು ಕವುಚಿ ಆ ಬೀಜಗಳನ್ನು ಹಂಚುವುದು. ಉಮ್ಮಾಲಿಮ್ಮ, ಅದೇ ಸಂಕದ ಹತ್ತಿರ ಅಂಗಡಿ ಇಟ್ಟ ಮೊಯಿನುದ್ದೀನ್ ಬ್ಯಾರಿಯ ತಾಯಿ, ಮತ ಇಲ್ಲದಿದ್ದರೂ ಬಂದು ಕೂತು, "ಇದು ಒಳ್ಳೆ ಆಟ, ಯಾರಿಗೂ ಬೇಜಾರ್ ಇಲ್ಲ" ಎಂದರು. ನಿಜವಾಗಿ ಎಲ್ಲರಿಗೂ ಅದೇ ಸಮಾಧಾನ. ಇಷ್ಟು ದಿನ ನನ್ನನ್ನು ಕಂಡರೆ ಮುಖ ತಪ್ಪಿಸುತ್ತಿದ್ದವರು ಈಗ ತಾವಾಗಿ ಕರೆದು ಮಾತಾಡಿಸುತ್ತಾರೆ. ಮೊಯಿನುದ್ದೀನ್ ಹೇಳಿದ, "ಅಜ್ಜನಿಗೆ ಒಂದು, ಜಲಜಕ್ಕನಿಗೆ ಎರಡು. ಮರ್ಯಾದೆಯೂ ಆಯ್ತು, ಕೆಲಸವೂ ಆಯ್ತು." ಗುಡ್ಡದ ಬಟ್ಯನೂ ಅದನ್ನೇ ಹೇಳಿದ. ಹೆಚ್ಚಿನವರೆಲ್ಲ ಅದನ್ನೇ ಹೇಳುತ್ತಿದ್ದಾರೆ.

ಹೊನ್ನಯ್ಯನ ಬಗ್ಗೆ ನಾನು ಸುಮ್ಮನೆ ಕೆಟ್ಟದು ಯೋಚಿಸಿದೆ ಅಂತ ಕಾಣುತ್ತದೆ. ಅವನು ತನ್ನ ಹದಿಮೂರು ಜನರಿಗೂ ಒಂದನೆಯದನ್ನು ಅಜ್ಜನಿಗೇ ಕೊಡಿ, ತನಗೆ ಎರಡನೆಯದು ಸಾಕು ಎಂದು ಹೇಳುತ್ತಿದ್ದಾನಂತೆ. ಹಿರಿಯರು ಅಂದರೆ ಅವನಿಗೂ ಸ್ವಲ್ಪ ಭಯಭಕ್ತಿ ಉಂಟು.

ಒಬ್ಬ ಗಂಡಸಿಗೆ ಎರಡು ಕೋಣೆ ಎಂತಕ್ಕೆ? ಹುಡುಗಿ ನೋಡಿದೆಯಾ? ನನ್ನ ಹತ್ತಿರ ಮುಚ್ಚಿಡುವುದೇನೂ ಬೇಡ.

ಜಲಜಾ

*

ಮದ್ರಾಸು
23-4-1954

ಜಲಜಾ,

ಕಾಗದ ಈಗ ಸಿಕ್ಕಿತು. ಕಚೇರಿಯಿಂದಲೇ ಬರೆಯುತ್ತಿದ್ದೇನೆ. ಇದನ್ನು ಎರಡು ಸಲ ಓದು, ಇಲ್ಲ, ಮೂರು ಸಲ ಓದು.

ಹೊನ್ನಯ್ಯನಿಗೆ ಭಯವೂ ಇಲ್ಲ, ಭಕ್ತಿಯೂ ಇಲ್ಲ. ಅವನು ಲೆಕ್ಕ ಹಾಕಿದ್ದಾನೆ. ಹದಿಮೂರು ಮತದಲ್ಲಿ ತಾನು ಗೆಲ್ಲುವುದಿಲ್ಲ ಎಂದು ಅವನಿಗೆ ಗೊತ್ತಾಗಿದೆ. ಹಾಗಾಗಿ ಆ ಹದಿಮೂರನ್ನೂ ಅಜ್ಜನ ಗೆರಸೆಗೆ ಹಾಕಿಸುತ್ತಾನೆ. ಇಪ್ಪತ್ತೊಂಬತ್ತರಲ್ಲಿ ಅರ್ಧಕ್ಕಿಂತ ಹೆಚ್ಚು ಅಂದರೆ ಹದಿನೈದು. ಅಜ್ಜನ ಸ್ವಂತ ಮತವನ್ನು ಬಿಟ್ಟರೂ, ನಿಮ್ಮವರಲ್ಲಿ ಬರೇ ಇಬ್ಬರು ಮರ್ಯಾದೆ ತೋರಿಸಿದರೆ ಅಜ್ಜನಿಗೆ ಹದಿನೈದಾಯಿತು. ಅಲ್ಲಿಗೆ ಎಣಿಕೆ ನಿಂತಿತು. ನಿನ್ನ ಹೆಸರಿನ ಎದುರು ಬರೆದ ಎರಡುಗಳನ್ನು ಯಾರೂ ಓದುವುದೇ ಇಲ್ಲ. ಅಜ್ಜ ಅಧ್ಯಕ್ಷರು, ಸಹಿ ಹಾಕಿಸುವವನು ಹೊನ್ನಯ್ಯ, ಶಾಲೆ ತೋಡಿನ ಆಚೆ.

ಹೋಳಿಗೆ ಮುಗಿದರೆ ಮಾತ್ರ ಪಾಯಸ. ಹೋಳಿಗೆ ಮುಗಿಯದಿದ್ದರೆ ಎಲ್ಲರ ಎಲೆಗೂ ಹೋಳಿಗೆಯೇ. ಇದನ್ನು ಮೊದಲೇ ಬಿಡಿಸಿ ಬರೆಯಬೇಕಿತ್ತು. ಒಂದು ಸಾಲಿನಲ್ಲಿ ಬರೆದು, ನಿಮ್ಮಲ್ಲಿ ಆಗಲಿಕ್ಕಿಲ್ಲ ಎಂದು ದಾಟಿಸಿಬಿಟ್ಟೆ. ಊರು ಬಿಟ್ಟು ಹನ್ನೊಂದು ವರ್ಷವಾಯಿತು, ಅಲ್ಲಿ ಹಿರಿಯರಿಗೆ ಮೊದಲನೆಯದು ಕೊಡದೆ ಯಾರೂ ಏನೂ ಮಾಡುವುದಿಲ್ಲ ಎಂಬುದು ಮರೆತೇಹೋಗಿತ್ತು.

ಕೂಡಲೇ ಹದಿನಾಲ್ಕು ಮನೆಗೂ ಮತ್ತೆ ಹೋಗು. ಜಲಜಕ್ಕನಿಗೇ ಒಂದು ಬರೆಯಬೇಕು ಎಂದು ಹೇಳು. ಅಜ್ಜನ ಹೆಸರನ್ನು ಚುನಾವಣೆಗೆ ತಂದವರು ಯಾರು? ಹೊನ್ನಯ್ಯನೇ ಇರಬೇಕು. ಅದನ್ನೂ ಜನರಿಗೆ ಹೇಳು.

ಹುಡುಗಿ ಗಿಡುಗಿ ಯಾರೂ ಇಲ್ಲ.

ಪುರಂದರ

*

ಬೆಳ್ಳೂರು
30-4-1954

ಅಣ್ಣಾ,

ನಿನ್ನ ಕಾಗದ ಬಂತು. ಗೆರಸೆ ಇಟ್ಟು ನಾನೇ ಬೀಜ ಹಾಕಿ ನೋಡಿದೆ. ನೀನು ಬರೆದದ್ದು ಸರಿ. ಊರಿಗೆಲ್ಲ ನಾನು ಕಲಿಸಿದ ಪಾಠ ನನ್ನ ಕುತ್ತಿಗೆಗೇ ಬಂದಿದೆ.

ಮರುದಿನ ಬೆಳಿಗ್ಗೆಯೇ ಹೊರಟೆ. ಮೊದಲು ಬಟ್ಯನ ಮನೆ. ಅವನಿಗೆ ಅಕ್ಷರ ಕಲಿಸಿದ್ದು ನಿನ್ನ ಭಾವ. ಅವನ ಮಗಳು ಕಮಲ ಈಗ ಮೂರನೆಯ ತರಗತಿ. ಶಾಲೆ ಆಚೆ ಹೋದರೆ ಮೊದಲು ಓದು ನಿಲ್ಲಿಸುವವಳು ಅವಳೇ. ಬಟ್ಯನಿಗೆ ಎಲ್ಲ ಅರ್ಥವಾಯಿತು, ಬೀಜವನ್ನೂ ಸರಿಯಾಗಿ ಎಣಿಸಿದ. ಆಮೇಲೆ ಹೇಳಿದ, "ಜಲಜಕ್ಕ, ಕೋಲದ ದಿವಸ ದೈವವೇ ಮೊದಲು ಗುತ್ತಿನ ಅಜ್ಜನನ್ನು ಕರೆದು ಮತ್ತೆ ನಮ್ಮನ್ನು ಕರೆಯುವುದು. ನಾನು ದೈವಕ್ಕಿಂತ ದೊಡ್ಡವನಾ? ಅಜ್ಜನ ಎದುರು ಎರಡು ಅಂತ ಬರೆಯಲಿಕ್ಕೆ ನನಗೆ ಕೈ ಬರುವುದಿಲ್ಲ." ನನಗೆ ಅವನ ಮೇಲೆ ಸಿಟ್ಟೂ ಬರಲಿಲ್ಲ.

ಮೊಯಿನುದ್ದೀನ್ ಇನ್ನೊಂದು ಹೇಳಿದ. "ಮೊನ್ನೆ ಅಜ್ಜನಿಗೆ ಕೊಡಿ ಅಂತ ನೀವೇ ಹೇಳಿದಿರಿ. ಇವತ್ತು ಕೊಡಬೇಡಿ ಅಂತೀರಿ. ಇದು ಗುತ್ತಿನ ಮನೆಗೆ ಗೊತ್ತಾದರೆ ಎಂತ ಕಥೆ?" ಅವನು ಹೇಳಿದ್ದು ಹೌದು. ನಾನು ಮೂರನೆಯ ಮನೆಗೆ ಹೋಗಲೇ ಇಲ್ಲ, ಅರ್ಧ ದಾರಿಯಿಂದ ತಿರುಗಿ ಬಂದೆ. ಅಜ್ಜನಿಗೆ ಮರ್ಯಾದೆ ಕೊಡಬೇಡಿ ಎಂದು ಅವರ ನೆಲದಲ್ಲೇ ಮನೆ ಕಟ್ಟಿಕೊಂಡವಳು ಮನೆ ಮನೆಗೆ ಹೇಳುತ್ತಿದ್ದಾಳೆ ಎಂದಾದರೆ, ಈಗ ಇರುವ ಹದಿನೈದೂ ಉಳಿಯುವುದಿಲ್ಲ.

ನೀನು ಕೇಳಿದೆಯಲ್ಲ, ಅಜ್ಜನ ಹೆಸರು ತಂದವರು ಯಾರು ಎಂದು. ನಾನೇ. ಸಭೆಯಲ್ಲಿ ಮೊದಲು ಗುತ್ತಿನವರ ಹೆಸರು ಹೇಳುವುದು ಇಲ್ಲಿಯ ಕ್ರಮ. ಅವರು, ನನಗೆ ಬೇಡ, ಮಕ್ಕಳು ನೋಡಿಕೊಳ್ಳಲಿ ಎನ್ನುತ್ತಾರೆ. ಆಮೇಲೆ ನಿಜವಾದ ಹೆಸರುಗಳು ಬರುತ್ತವೆ. ನಿನ್ನ ಭಾವನ ಕಾಲದಲ್ಲಿ ಪ್ರತಿ ಸಲವೂ ಹಾಗೆಯೇ ಆದದ್ದು. ಈ ಸಲ ನಾನು ಎದ್ದು ಅವರ ಹೆಸರು ಹೇಳಿದೆ. ಅವರು ಬೇಡ ಅನ್ನಲಿಲ್ಲ. "ಆಗಲಿ" ಎಂದುಬಿಟ್ಟರು. ನಾಚಿಕೆಯಾಗಿ ನಿನಗೆ ಬರೆದಿರಲಿಲ್ಲ.

ಇನ್ನು ಹದಿನಾರು ದಿನ ಉಂಟು. ಏನು ಮಾಡಲಿ? ನಮ್ಮ ಟಪ್ಪಾಲು ವಾರಕ್ಕೆ ಎರಡೇ ಸಲ ಬರುವುದು, ಬೇಗ ಬರೆ.

ಜಲಜಾ

*

ಮದ್ರಾಸು
5-5-1954

ತಂಗಿ,

ಎರಡು ದಿನದಿಂದ ಎಲ್ಲ ದಾರಿಯನ್ನೂ ಕಾಗದದ ಮೇಲೆ ಬರೆದು ಹೊಡೆದುಹಾಕಿದೆ. ಹಳೆಯ ಕ್ರಮಕ್ಕೆ ತಿರುಗಿ ಹೋಗೋಣವೆಂದರೆ ಅಜ್ಜನಿಗೆ ಹೋದ ಮತ ಹೋದದ್ದೇ, ಹೊನ್ನಯ್ಯ ಗೆಲ್ಲುತ್ತಾನೆ. ನೀನು ಹಿಂದೆ ಸರಿದರೆ ಹೇಗೂ ಅವರಿಬ್ಬರಲ್ಲೊಬ್ಬರು ಗೆಲ್ಲುತ್ತಾರೆ. ಗುಟ್ಟಾಗಿ ಹೇಳಿಸೋಣವೆಂದರೆ ನಿಮ್ಮ ಊರಿನಲ್ಲಿ ಗುಟ್ಟು ಎಂಬುದಿಲ್ಲ.

ಅಜ್ಜನೇ ಹೆಸರು ಹಿಂದೆ ತೆಗೆದುಕೊಳ್ಳಬೇಕು. ಆದರೆ ಅದನ್ನು ಅವರ ಹತ್ತಿರ ಹೋಗಿ ನೀನು ಹೇಳಬೇಡ. ಹೆಸರು ಹೇಳಿದವಳೇ ತೆಗೆಯಿರಿ ಎಂದರೆ ಅವರಿಗೆ ಅವಮಾನ. ಸಿಟ್ಟು ಬಂದು ಮನೆ ಬಿಡು ಅಂದರೆ ಎಲ್ಲಿಗೆ ಹೋಗುತ್ತೀ? ಚೆನ್ನಯ್ಯ ಮಾಸ್ಟರರ ಬಾಯಿಂದ ಹೇಳಿಸು. ನೀನು ಮಾತ್ರ ಹೋಗಬೇಡ.

ಇನ್ನೊಂದು ಮಾತು. ಸೋತರೆ ಲೋಕ ಮುಳುಗುವುದಿಲ್ಲ. ಈ ಮನೆಗೆ ಎರಡು ಕೋಣೆ ಉಂಟು ಎಂದು ಬರೆದಿದ್ದೆ. ಒಂದು ನಿನಗೆ ಎಂದೇ ಹಿಡಿದದ್ದು. ಅಮ್ಮನೂ ನಾನೂ ಮಾತಾಡಿಕೊಂಡಾಗಿದೆ. ಇಲ್ಲಿ ಹತ್ತಿರದಲ್ಲೇ ಹೆಣ್ಣುಮಕ್ಕಳ ಶಾಲೆ ಉಂಟು, ಹೊಲಿಗೆ ಕಲಿಸಲು ಜನ ಬೇಕಂತೆ.

ಪುರಂದರ

*

ಬೆಳ್ಳೂರು
11-5-1954

ಅಣ್ಣಾ,

ಹೋಗಬೇಡ ಎಂದು ಬರೆದ ನಿನ್ನ ಕಾಗದ ಇವತ್ತು ಬಂತು. ನಾನು ನಿನ್ನೆಯೇ ಹೋಗಿ ಬಂದೆ.

ಅಜ್ಜ ಚಾವಡಿಯಲ್ಲಿ ಒಬ್ಬರೇ ಇದ್ದರು. ನನ್ನ ಸ್ವರ ಕೇಳಿ, "ಜಲಜನಾ? ಬಾ. ಗೆರಸೆ ತಂದಿದ್ದಿಯಾ? ಊರಿಗೆಲ್ಲ ಪಾಠ ಮಾಡಿದೆ, ನನಗೆ ಮಾತ್ರ ಮಾಡಲಿಲ್ಲ" ಎಂದರು. ನಗುತ್ತಲೇ ಹೇಳಿದ್ದು. ನನಗೆ ಅಳು ಬಂತು. ಕೂತು ಎಲ್ಲ ಹೇಳಿದೆ. ಕಣ್ಣು ಕಾಣದಿದ್ದರೂ ಬೀಜಗಳನ್ನು ಅವರ ಕೈಗೇ ಕೊಟ್ಟು ಹಾಕಿಸಿದೆ. ಹದಿಮೂರು, ಮತ್ತೆ ಎರಡು. ಹದಿನೈದನೆಯ ಬೀಜ ಹಾಕಿ ಅವರು ಕೈಯನ್ನು ಗೆರಸೆಯಲ್ಲೇ ಇಟ್ಟುಕೊಂಡರು.

"ಹಾಗಾದರೆ ಇವರೆಲ್ಲ ನನಗೆ ಕೊಡುವುದು ಮರ್ಯಾದೆಯಾ, ಮತವಾ?" ಎಂದು ಕೇಳಿದರು.

ಸುಳ್ಳು ಹೇಳಬಹುದಿತ್ತು. "ಮರ್ಯಾದೆ ಅಜ್ಜ" ಎಂದೆ.

ಅವರು ಗೆರಸೆಯಿಂದ ಕೈ ತೆಗೆದರು. ಎಲೆಯ ಪೆಟ್ಟಿಗೆಯಲ್ಲಿ ಸುಣ್ಣದ ಡಬ್ಬಿ ಹುಡುಕಿದರು, ಸಿಗಲಿಲ್ಲ. ನಾನು ಎತ್ತಿ ಕೊಡಲು ಹೋದೆ, ಕೈ ಅಡ್ಡ ಹಿಡಿದರು. "ಹೊತ್ತಾಯಿತು, ನೀನು ಹೋಗು" ಎಂದರು. ಅಷ್ಟೇ. ಸಿಟ್ಟೋ ಬೇಸರವೋ ಒಂದೂ ತಿಳಿಯಲಿಲ್ಲ. ಅಂಗಳ ಇಳಿಯುವಾಗ ಹೊನ್ನಯ್ಯ ಎದುರು ಸಿಕ್ಕಿದ. ಅವನು ಒಳಗೆ ಹೋಗಿ ಬಹಳ ಹೊತ್ತು ಕೂತಿದ್ದನಂತೆ.

ನಿನ್ನೆಯಿಂದ ಯಾರೂ ನಮ್ಮ ಮನೆಗೆ ಬಂದಿಲ್ಲ. ಉಮ್ಮಾಲಿಮ್ಮನೂ ಬರಲಿಲ್ಲ. ಎರಡು ಕೋಣೆಯ ವಿಷಯ ಓದಿದೆ. ಈಗ ಅದಕ್ಕೆ ಉತ್ತರ ಬರೆಯಲು ನನ್ನಿಂದ ಆಗದು.

ಜಲಜಾ

*

ಮದ್ರಾಸು
13-5-1954

ಜಲಜಾ,

ನಿನ್ನಿಂದ ಕಾಗದವಿಲ್ಲ. ಚೆನ್ನಯ್ಯ ಮಾಸ್ಟರು ಹೋದರೇ? ಅಜ್ಜ ಏನೆಂದರು? ಬೆಳಿಗ್ಗೆ ತಂತಿ ಕೊಟ್ಟಿದ್ದೇನೆ, ಕಾಸರಗೋಡಿನಿಂದ ಆಚೆ ಅದು ಯಾವಾಗ ತಲುಪುತ್ತದೋ ದೇವರಿಗೇ ಗೊತ್ತು. ಈ ಕಾಗದವೂ ಚುನಾವಣೆ ಕಳೆದ ಮೇಲೆಯೇ ನಿನ್ನ ಕೈ ಸೇರುತ್ತದೆ. ಗೊತ್ತಿದ್ದೂ ಬರೆಯುತ್ತಿದ್ದೇನೆ, ಸುಮ್ಮನೆ ಕೂರಲು ಆಗುವುದಿಲ್ಲ.

ಆ ಕ್ರಮವನ್ನು ನಿನಗೆ ಹೇಳಿಕೊಟ್ಟದ್ದೇ ತಪ್ಪಾಯಿತು ಎಂದು ಅನ್ನಿಸುತ್ತದೆ. ಕಚೇರಿಯಲ್ಲಿ ಮತ ಎಣಿಸುವಾಗ ಕಾಗದದ ಹಿಂದೆ ಒಂದು ಮುಖ ಉಂಟೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಗೆದ್ದರೂ ಸೋತರೂ ಒಂದು ಸಾಲು ಬರೆ.

ಪುರಂದರ

*

ಬೆಳ್ಳೂರು
17-5-1954

ಅಣ್ಣನಿಗೆ ನಮಸ್ಕಾರ.

ಗೆದ್ದೆ. ನನಗೆ ಹದಿನಾರು, ಹೊನ್ನಯ್ಯನಿಗೆ ಹದಿಮೂರು. ಶಾಲೆ ಇದ್ದಲ್ಲೇ ಇರುತ್ತದೆ.

ಮತ ಹಾಕುವ ಮೊದಲು ಅಜ್ಜ ಎದ್ದು ನಿಂತರು. "ನನಗೆ ಮೊದಲನೆಯದು ಕೊಡಬೇಕು ಅಂತ ನಿಮಗೆಲ್ಲ ಉಂಟಂತೆ. ಅದು ಕಾಗದದಲ್ಲಿ ಬೇಡ. ವೀಳ್ಯದಲ್ಲಿ ಕೊಡಿ, ಈಗಲೇ ಕೊಡಿ. ಆಮೇಲೆ ಕಾಗದದಲ್ಲಿ ನಿಮ್ಮ ನಿಮ್ಮ ಮನಸ್ಸಿಗೆ ಬಂದದ್ದು ಬರೆಯಿರಿ. ಯಾರೂ ನನ್ನ ಮುಖ ನೋಡುವುದು ಬೇಡ, ನನಗೂ ನಿಮ್ಮ ಮುಖ ಕಾಣುವುದಿಲ್ಲ" ಎಂದರು. ಎಲ್ಲರೂ ನಕ್ಕರು. ಬಟ್ಯ ಓಡಿಹೋಗಿ ಮೊಯಿನುದ್ದೀನನ ಅಂಗಡಿಯಿಂದ ಎಲೆ ಅಡಿಕೆ ತಂದ. ಒಬ್ಬೊಬ್ಬರೇ ಹೋಗಿ ವೀಳ್ಯ ಕೊಟ್ಟು ಕೈ ಮುಗಿದೆವು. ಹೊನ್ನಯ್ಯನೂ ಕೊಟ್ಟ, ಕೊಡದೆ ಏನು ಮಾಡುತ್ತಾನೆ. ಅವನ ಮುಖ ನೀನು ನೋಡಬೇಕಿತ್ತು. ಹಾಗಾದರೆ ನಿಮ್ಮ ಹೆಸರು ತೆಗೆಯಲೇ ಎಂದು ಇನ್‌ಸ್ಪೆಕ್ಟರರು ಕೇಳಿದರು. "ಇರಲಿ, ಅಳಿಸುವುದು ಬೇಡ" ಎಂದರು.

ನಿನ್ನ ತಂತಿ ಚುನಾವಣೆಯ ದಿವಸ ಸಂಜೆ ಬಂತು. ಉಳಿದದ್ದು ಮತ್ತೆ ಬರೆಯುತ್ತೇನೆ. ಯಾಕೋ ಬಳಲಿಕೆ.

ಜಲಜಾ

*

ಮದ್ರಾಸು
22-5-1954

ಅಧ್ಯಕ್ಷಿಣಿ ಜಲಜಾಕ್ಷಿಯಮ್ಮನವರಿಗೆ ಗುಮಾಸ್ತ ಪುರಂದರನ ಸಲಾಮು.

ಕಾಗದವನ್ನು ಕಚೇರಿಯಲ್ಲಿ ನಾಲ್ಕು ಜನರಿಗೆ ತಮಿಳಿನಲ್ಲಿ ಹೇಳಿ ತೋರಿಸಿದೆ. ಎಂಥ ಮನುಷ್ಯ ಮಾರಾಯ್ತಿ ನಿನ್ನ ಅಜ್ಜ. ನಾನು ಎರಡು ದಿನ ಲೆಕ್ಕ ಹಾಕಿ ಬಿಡಿಸಲಾಗದ ಗಂಟನ್ನು ಒಂದು ಕಟ್ಟು ಎಲೆಯಲ್ಲಿ ಬಿಡಿಸಿದರು. ನನ್ನ ಪರವಾಗಿ ಅವರಿಗೆ ಕಾಲು ಮುಟ್ಟಿ ನಮಸ್ಕಾರ ಹೇಳು. ಅವರೂ ಎಷ್ಟು ಸಂತೋಷಪಟ್ಟರೋ.

ಬಳಲಿಕೆ ಎಂದು ಬರೆದಿದ್ದೀ. ಇಷ್ಟು ಓಡಾಡಿದರೆ ಯಾರಿಗಾದರೂ ಬಳಲಿಕೆಯೇ. ಗೆದ್ದವಳು ಇನ್ನು ಚೆನ್ನಾಗಿ ನಿದ್ದೆ ಮಾಡು. ಎರಡನೆಯ ಕೋಣೆ ಹಾಗೇ ಉಂಟು, ಮಳೆಗಾಲ ಕಳೆದು ಬಂದು ನಾಲ್ಕು ದಿನ ಇದ್ದು ಹೋಗು.

ಪುರಂದರ

*

ಬೆಳ್ಳೂರು
9-6-1954

ಅಣ್ಣನಿಗೆ ನಮಸ್ಕಾರ.

ನಿನ್ನ ಸಂತೋಷಕ್ಕೆ ತಣ್ಣೀರು ಎರಚಬಾರದೆಂದು ಇಷ್ಟು ದಿನ ಬರೆಯದೆ ಇದ್ದೆ. ಬರೆಯದಿದ್ದರೂ ನಿದ್ದೆ ಬರುವುದಿಲ್ಲ, ಆದ್ದರಿಂದ ಬರೆಯುತ್ತೇನೆ.

ಹದಿನಾರು, ಹದಿಮೂರು ಎಂದು ಬರೆದಿದ್ದೆ. ನೀನು ಅಷ್ಟು ಲೆಕ್ಕದವನು, ಕೂಡಿಸಿ ನೋಡಲಿಲ್ಲ. ಒಟ್ಟು ಇಪ್ಪತ್ತೊಂಬತ್ತು. ಅಜ್ಜನಿಗೆ ಒಂದೂ ಇಲ್ಲ.

ಚೆನ್ನಯ್ಯ ಮಾಸ್ಟರು ಒಂದೊಂದೇ ಕಾಗದ ಬಿಡಿಸಿ ಕರಿಹಲಗೆಯಲ್ಲಿ ಗೆರೆ ಹಾಕುತ್ತಾ ಹೋದರು. ಅಜ್ಜ ನಿನ್ನ ಭಾವನ ಹಳೆಯ ಕುರ್ಚಿಯಲ್ಲಿ, ಮಡಿಲಲ್ಲಿ ಅಷ್ಟೂ ವೀಳ್ಯ ಇಟ್ಟುಕೊಂಡು ಕೂತಿದ್ದರು. ಸೀಮೆಸುಣ್ಣದ ಶಬ್ದ ಬಂದಾಗೆಲ್ಲ ತಲೆ ಎತ್ತುತ್ತಿದ್ದರು. ಎಣಿಕೆ ಮುಗಿದು ಎಲ್ಲರೂ ಗಲಾಟೆ ಮಾಡುವಾಗ ಪಕ್ಕದಲ್ಲಿದ್ದ ನನ್ನನ್ನು ಮೆಲ್ಲಗೆ ಕೇಳಿದರು, "ನನ್ನ ಹೆಸರಿನ ಎದುರು ಎಂತ ಬರೆದದ್ದು ಮಗಾ?"

"ಎಂತದೂ ಬರೆಯಲಿಲ್ಲ ಅಜ್ಜ."

"ಒಂದೂ ಇಲ್ಲವಾ?"

ಅವರ ಮಡಿಲಿನಿಂದ ಜಾರಿದ ಒಂದು ವೀಳ್ಯವನ್ನು ನಾನು ಎತ್ತಿ ಇಟ್ಟೆ. ಅವರು ಎರಡನೆಯ ಸಲ ಕೇಳಲಿಲ್ಲ. ಹೆಸರು ಅಳಿಸುವುದು ಬೇಡ ಎಂದು ಯಾಕೆ ಹೇಳಿದರೆಂದು ನನಗೆ ಆಗ ತಿಳಿಯಿತು. ಕಾಗದದಲ್ಲಿ ಬೇಡ ಎಂದರೂ, ನಾಲ್ಕು ಜನವಾದರೂ ಮಾತು ಮೀರಿ ಬರೆಯುತ್ತಾರೆ ಎಂದು ಅವರಿಗೆ ಒಳಗೊಳಗೆ ಆಸೆ ಇತ್ತು. ನಾವು ಅವರ ಮಾತನ್ನು ಅಕ್ಷರ ಬಿಡದೆ ನಡೆಸಿದೆವು.

ಜೂನ್ ಒಂದಕ್ಕೆ ಶಾಲೆ ತೆರೆಯಿತು. ಪ್ರತಿ ವರ್ಷ ಅಜ್ಜ ಅವತ್ತು ಬಂದು ಮಕ್ಕಳಿಗೆ ಬೆಲ್ಲ ಹಂಚುತ್ತಿದ್ದರು. ಈ ಸಲ ಬೆಲ್ಲವನ್ನು ಬಟ್ಯನ ಕೈಯಲ್ಲಿ ಕಳಿಸಿದರು, ತಾವು ಬರಲಿಲ್ಲ. ಸಂಕದ ಮೇಲೆ ಆಗಲೇ ನೀರು ಹೋಗುತ್ತಿತ್ತು. ಆದರೂ ಈಚೆ ಬದಿಯ ಮಕ್ಕಳೆಲ್ಲ ಬಂದಿದ್ದರು. ಕಮಲ ಮುಂದಿನ ಬೆಂಚಿನಲ್ಲೇ ಕೂತಿದ್ದಳು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ.

ಮೊನ್ನೆ ಧೈರ್ಯ ಮಾಡಿ ಗುತ್ತಿನ ಮನೆಗೆ ಹೋದೆ. ನಿನ್ನ ನಮಸ್ಕಾರ ಹೇಳಿದೆ. ಚಾವಡಿಯಲ್ಲಿ ಇನ್ನೂ ನಾಲ್ಕೈದು ಜನ ಹಿರಿಯರು ಕೂತಿದ್ದರು. ಅಜ್ಜ ಎಲೆಯ ಪೆಟ್ಟಿಗೆ ಎಳೆದುಕೊಂಡು, ತಡಕಾಡಿ ಒಂದು ವೀಳ್ಯ ಮಡಚಿ, ಅವರನ್ನೆಲ್ಲ ಬಿಟ್ಟು ನನ್ನ ಕಡೆ ಕೈ ಚಾಚಿದರು. "ನೀನು ಅಧ್ಯಕ್ಷೆ. ಮೊದಲನೆಯದು ನಿನಗೆ" ಎಂದರು. ಅದರಲ್ಲಿ ಕೊಂಕು ಇರಲಿಲ್ಲ ಅಣ್ಣ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ದಾರಿಯಲ್ಲಿ ಬರುವಾಗ ಬೆರಳು ಮಡಚಿ ಎಣಿಸಿದೆ. ನಮ್ಮವರು ಇದ್ದದ್ದು ಹದಿನೈದೇ. ಹೊನ್ನಯ್ಯನ ಹದಿಮೂರರಲ್ಲಿ ಒಂದೂ ಈಚೆ ಬಂದಿಲ್ಲ. ಅಜ್ಜನಿಗೆ ಕಣ್ಣು ಕಾಣದೆಂದು ಅವರ ಕಾಗದ ತುಂಬಿಸಿದ್ದು ಚೆನ್ನಯ್ಯ ಮಾಸ್ಟರು. ಕೇಳಿದರೆ ಅವರು ಬಾಯಿ ಬಿಡುವುದಿಲ್ಲ. ಬಿಡಬೇಕಾಗಿಯೂ ಇಲ್ಲ. ಹದಿನಾರನೆಯದು ಅಜ್ಜನದ್ದು.

ಎರಡನೆಯ ಕೋಣೆಯನ್ನು ಬಿಟ್ಟುಬಿಡು, ನಾನು ಬರುವುದಿಲ್ಲ. ಇನ್ನು ಪ್ರತಿ ಸೋಮವಾರ ಗುತ್ತಿಗೆ ಹೋಗಿ ಅಜ್ಜನಿಗೆ ಶಾಲೆಯ ಕಾಗದಗಳನ್ನೆಲ್ಲ ಓದಿ ಹೇಳುವುದೆಂದು ನಿಶ್ಚಯ ಮಾಡಿದ್ದೇನೆ.

ನೀನು ಮೊದಲ ಕಾಗದದಲ್ಲೇ ಬರೆದಿದ್ದೆ, ಮೊದಲು ಹೊರಗೆ ಹೋದವರ ಕಾಗದ ಹಾಳಾಗುವುದಿಲ್ಲ, ಅದು ತಿರುಗಿ ಬರುತ್ತದೆ ಎಂದು. ನನ್ನ ಕಾಗದವೊಂದರಲ್ಲಿ ಅಜ್ಜನಿಗೆ ಒಂದು, ನನಗೆ ಎರಡು ಎಂದು ಬರೆದಿದ್ದರೆ ನನಗೆ ಕಡಿಮೆಯಾಗುವುದು ಏನೂ ಇರಲಿಲ್ಲ. ಕರಿಹಲಗೆಯಲ್ಲಿ ಅವರ ಹೆಸರಿನ ಎದುರು ಒಂದು ಗೆರೆ ಬೀಳುತ್ತಿತ್ತು. ಊರಿಗೆಲ್ಲ ಈ ಪಾಠ ಹೇಳಿಕೊಟ್ಟವಳು ನಾನು. ಪೆನ್ಸಿಲು ಹಿಡಿದು ಕೂತಾಗ ಹೆದರಿಕೆಯಾಗಿ, ನನಗೇ ಒಂದು ಬರೆದುಕೊಂಡೆ.

ನಿನ್ನ ತಂಗಿ
ಜಲಜಾ